ಗೌರವಾಧ್ಯಕ್ಷನ ಶಾಲು

ಹದಿನಾರು ವರ್ಷ ನಾನು ಇಂಗ್ಲೆಂಡಿನಲ್ಲಿ ಕೌಂಟಿ ಕೌನ್ಸಿಲರ್, ಅಂದರೆ ನಮ್ಮ ಕಡೆಯ ಜಿಲ್ಲಾ ಪಂಚಾಯಿತಿ ಸದಸ್ಯನಂಥವನು, ಆಗಿದ್ದೆ. ಅಷ್ಟು ವರ್ಷಗಳಲ್ಲಿ ನಾನು ತುಂಬ ಶ್ರದ್ಧೆಯಿಂದ ಮಾಡಿದ ಕೆಲಸವೆಂದರೆ ರಸ್ತೆಯ ಗುಂಡಿಗಳತ್ತ ಬೆರಳು ತೋರಿಸುತ್ತ ಫೋಟೊ ತೆಗೆಸಿಕೊಂಡದ್ದು. ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂರಬೇಕು. ಮುಖದಲ್ಲಿ ಸಾವಿನ ಮನೆಗೆ ಬಂದವನ ದುಃಖ ಇರಬೇಕು. ಆ ಫೋಟೊ ಕರಪತ್ರದಲ್ಲಿ ಅಚ್ಚಾಗಿ ಮನೆಮನೆಯ ಬಾಗಿಲಿನ ಸಂದಿಯಿಂದ ಒಳಗೆ ಬೀಳುತ್ತಿತ್ತು. ಗುಂಡಿ ಮಾತ್ರ ಅಲ್ಲೇ ಇರುತ್ತಿತ್ತು. ಮುಂದಿನ ಚುನಾವಣೆಯ ಹೊತ್ತಿಗೆ ಇನ್ನಷ್ಟು ಅಗಲವಾಗಿ, ಫೋಟೊಗೆ ಇನ್ನೂ ಒಪ್ಪುವಂತಾಗಿರುತ್ತಿತ್ತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಬರ್ಮಿಂಗ್‌ಹ್ಯಾಮ್‌ನಿಂದ ಮುಕ್ಕಾಲು ಗಂಟೆ ದೂರದ ಈ ಊರಿಗೆ ಬಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದೆ. ಯೂನಿಯನ್ನಿನಲ್ಲಿ ಗಂಟಲು ಬೆಳೆಸಿಕೊಂಡೆ. ಆ ಗಂಟಲೇ ನನ್ನನ್ನು ಕೌನ್ಸಿಲ್ಲಿಗೆ ತಲುಪಿಸಿತು. ಆಗ ಊರಿನಲ್ಲಿ ಕನ್ನಡ ಆಡುವವರು ನಾನು, ನನ್ನ ಹೆಂಡತಿ ಇಬ್ಬರೇ. ಆಮೇಲೆ ಬೆಂಗಳೂರಿನ ಇಂಜಿನಿಯರುಗಳು, ಧಾರವಾಡ ಕಡೆಯ ಡಾಕ್ಟರುಗಳು ಬಂದರು. ಅಷ್ಟೊಂದು ಓದಿದವರು ನನಗೆ ಕೈಮುಗಿದು ‘ಸಾರ್’ ಎಂದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಜನಸೇವೆ ಎಂದು ನಾನು ಕರೆಯುತ್ತಿದ್ದುದು ಈ ಹಸಿವನ್ನೇ.

ನಮ್ಮ ಬಡಾವಣೆಯ ಲೈಬ್ರರಿಗೆ ಹಿಂದುಗಡೆ ಒಂದು ಕೋಣೆಯಿತ್ತು. ಮಕ್ಕಳ ಜೊತೆ ಇರಲು ಇಲ್ಲಿಗೆ ಬಂದ ಏಳೆಂಟು ಹಿರಿಯರು ಬುಧವಾರ ಅಲ್ಲಿ ಸೇರಿ ಚಹಾ ಕುಡಿದು ಕನ್ನಡದಲ್ಲಿ ಹರಟುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಧಾರವಾಡ ಕಡೆಯ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಅವರ ಮಗ, ಸೊಸೆ ಇಬ್ಬರೂ ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ ಡಾಕ್ಟರು. ಮನೆಗೆ ಬರುವುದು, ಹೋಗುವುದು ಎಲ್ಲ ಆಸ್ಪತ್ರೆಯ ಪಾಳಿಪಟ್ಟಿಯ ಪ್ರಕಾರ. ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆಡಿದ ಮಾತಿಗೆ ಕನ್ನಡದಲ್ಲಿ ಮರುಮಾತು ಸಿಗುತ್ತಿದ್ದದ್ದು ಅವರಿಗೆ ಬುಧವಾರ ಮಾತ್ರ.

ಆ ಕೂಟಕ್ಕೆ ಅಧ್ಯಕ್ಷರು ಬೇಕಿರಲಿಲ್ಲ. ನನಗೆ ಬೇಕಿತ್ತು. ಎರಡು ಬುಧವಾರ ಹೋಗಿ, ಸಂಘ ಎಂದ ಮೇಲೆ ಅದಕ್ಕೊಬ್ಬ ಗೌರವಾಧ್ಯಕ್ಷ ಇದ್ದರೆ ಶೋಭೆ ಎಂದು ಸುತ್ತಿ ಬಳಸಿ ಹೇಳಿದೆ. ಪಾಪ, ಅವರು ಒಪ್ಪಿಕೊಂಡರು.

ನನ್ನ ಮೂರನೆಯ ಅವಧಿಯಲ್ಲಿ ಆ ಲೈಬ್ರರಿಯನ್ನು ಮುಚ್ಚಿ ಕಟ್ಟಡ ಮಾರುವ ಪ್ರಸ್ತಾಪ ಬಂತು. ತೀರ್ಮಾನಿಸಬೇಕಿದ್ದ ಸಮಿತಿಯಲ್ಲಿ ನಾವು ಒಂಬತ್ತು ಜನ. ನಾಲ್ವರು ಮುಚ್ಚುವ ಕಡೆ, ನಾಲ್ವರು ಉಳಿಸುವ ಕಡೆ, ಒಂಬತ್ತನೆಯವನು ನಾನು. ಶಿಕ್ಷಕಿ ನನ್ನ ಮನೆಗೇ ಬಂದರು.

“ಸಾಹೇಬ್ರ, ಆ ಖೋಲಿ ಹೋತಂದ್ರ ನನ್ನ ಬಾಯಿಗೆ ಕೀಲಿ ಹಾಕಿಧಂಗ ಆಗ್ತದ ನೋಡ್ರಿ,” ಎಂದರು.

ನನ್ನ ಕೈ ನಿಮ್ಮ ಪರವಾಗಿಯೇ ಏಳುತ್ತದೆ ಎಂದು ಮಾತು ಕೊಟ್ಟೆ.

ಸಭೆಗೆ ಒಂದು ವಾರ ಮೊದಲು ಕೌನ್ಸಿಲ್ಲಿನ ಕಾನೂನು ಅಧಿಕಾರಿ ನನ್ನನ್ನು ಕರೆದರು. ಆ ಕೋಣೆಯನ್ನು ಬಳಸುವ ಕೂಟಕ್ಕೆ ನೀವೇ ಅಧ್ಯಕ್ಷರು, ಆದ್ದರಿಂದ ಆ ವಿಷಯ ಬಂದಾಗ ನೀವು ಸಭೆಯಿಂದ ಹೊರಗೆ ಹೋಗಬೇಕಾಗುತ್ತದೆ, ಮತ ಹಾಕುವಂತಿಲ್ಲ ಎಂದರು. ದಾರಿಯನ್ನೂ ಅವರೇ ಹೇಳಿದರು. ಆ ಹುದ್ದೆ ಬಿಟ್ಟಿದ್ದೇನೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು.

ಬರೆಯಲೆಂದೇ ಮನೆಗೆ ಬಂದೆ. ಅಷ್ಟರಲ್ಲಿ ಈ ಭಾಗದ ಕನ್ನಡಿಗರೆಲ್ಲ ಸೇರುವ ಕನ್ನಡ ಬಳಗದ ಕಾರ್ಯದರ್ಶಿಯ ಫೋನ್ ಬಂತು. ಯುಗಾದಿ ಸಮಾರಂಭದಲ್ಲಿ ನನಗೆ ಸನ್ಮಾನ ಇಟ್ಟುಕೊಂಡಿದ್ದರು.

“ಸಾರ್, ಕಾರ್ಡ್ ಪ್ರಿಂಟಿಗೆ ಹೋಗ್ತಿದೆ. ಹೆಸರಿನ ಕೆಳಗೆ ಕೌನ್ಸಿಲರ್ ಅಂತ ಮಾತ್ರ ಹಾಕ್ಲಾ, ಗೌರವಾಧ್ಯಕ್ಷರು ಅಂತಾನೂ ಹಾಕ್ಲಾ?”

“ಎರಡೂ ಹಾಕಿಬಿಡಿ,” ಎಂದೆ.

ಕೇಳಿಸಿಕೊಂಡ ಹೆಂಡತಿ ಬಟ್ಟೆ ಮಡಿಸುತ್ತಲೇ ಹೇಳಿದಳು: “ಎಂಟು ಜನ ಟೀ ಕುಡಿಯೋದಕ್ಕೆ ಅಧ್ಯಕ್ಷರು ಯಾಕ್ರೀ ಬೇಕು? ಬರೆದು ಕೊಟ್ಬಿಡಿ.”

ಯುಗಾದಿ ಕಳೆಯಲಿ, ಬರೆಯುತ್ತೇನೆ ಎಂದೆ. ಸಭೆ ಇದ್ದದ್ದು ಯುಗಾದಿಗೆ ಮುಂಚೆ. ಅದು ನನಗೆ ಗೊತ್ತಿತ್ತು. ಮುಚ್ಚುವ ಕಡೆಯ ಒಬ್ಬ ಸದಸ್ಯ ಚಹಾದ ಹೊತ್ತಿನಲ್ಲಿ ನನ್ನತ್ತ ತಲೆಯಾಡಿಸಿದ್ದ, ಅವನು ಈ ಕಡೆ ವಾಲಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಅಷ್ಟು ಆಧಾರ ಸಾಕಾಗುತ್ತದೆ.

ಸಭೆಯ ದಿನ ಆ ವಿಷಯ ಬಂದಾಗ ಎದ್ದು ನಿಂತು, ನನಗೆ ಇದರಲ್ಲಿ ಸಂಬಂಧವಿದೆ, ನಿಯಮದಂತೆ ಹೊರಗೆ ಹೋಗುತ್ತಿದ್ದೇನೆ ಎಂದು ಗಂಭೀರವಾಗಿ ಸಾರಿದೆ. ಆ ಕ್ಷಣದಲ್ಲಿ, ನಾಚಿಕೆಗೇಡು, ನನ್ನ ಪ್ರಾಮಾಣಿಕತೆಗೆ ನಾನೇ ಮೆಚ್ಚಿದ್ದೆ. ಹೊರಗೆ ಕಾರಿಡಾರಿನಲ್ಲಿ ಕೂತು ಬಿಸ್ಕತ್ತು ತಿಂದೆ. ಒಳಗೆ ನಾಲ್ಕಕ್ಕೆ ನಾಲ್ಕು ಮತ ಬಿತ್ತು. ಸಮನಾದಾಗ ಸಮಿತಿಯ ಅಧ್ಯಕ್ಷನಿಗೆ ಇನ್ನೊಂದು ಮತವಿರುತ್ತದೆ. ಅವನು ಮುಚ್ಚುವ ಕಡೆಯವನು. ಬಿಸ್ಕತ್ತಿನ ಪೊಟ್ಟಣ ಮುಗಿಯುವ ಮುಂಚೆ ಕೋಣೆ ಮುಗಿದಿತ್ತು.

ಬುಧವಾರ ಕೂಟದ ಹಿರಿಯರೆದುರು ನಿಂತು, ಕೊನೆಯವರೆಗೂ ಹೋರಾಡಿದೆ, ಒಂದೇ ಮತದಲ್ಲಿ ಸೋತೆವು ಎಂದೆ. ಎಲ್ಲರೂ ನನಗೇ ಸಮಾಧಾನ ಹೇಳಿದರು. ಶಿಕ್ಷಕಿ ಮಾತ್ರ ಸಿಂಕಿನ ಹತ್ತಿರ ಕಪ್ಪು ತೊಳೆಯುತ್ತಿದ್ದರು.

ಯುಗಾದಿಯ ದಿನ ಶಾಲೆಯ ಸಭಾಂಗಣದಲ್ಲಿ ಮುನ್ನೂರು ಕುರ್ಚಿ ತುಂಬಿತ್ತು. ನನಗೆ ಮೈಸೂರು ಪೇಟ ತೊಡಿಸಿ ಹಾರ ಹಾಕಿದರು. ಶಾಲು ಹೊದಿಸಲು ಹಿರಿಯರ ಪರವಾಗಿ ಶಿಕ್ಷಕಿಯನ್ನು ವೇದಿಕೆಗೆ ಕರೆದರು. ಅವರು ಶಾಲಿನ ಎರಡೂ ಅಂಚುಗಳನ್ನು ನನ್ನ ಎದೆಯ ಮೇಲೆ ಸರಿಮಾಡುತ್ತ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದರು:

“ನಾ ನೋಡೀನ್ರಿ ಸಾಹೇಬ್ರ. ಮೊಮ್ಮಗಳು ಆ ಮೀಟಿಂಗಿನ ವಿಡಿಯೋ ಫೋನ್‌ನ್ಯಾಗ ತೋರಿಸಿದ್ಲು. ಕೈ ಎತ್ತೋ ಹೊತ್ತಿಗೆ ನಿಮ್ಮ ಕುರ್ಚಿ ಖಾಲಿ ಇತ್ತು.”

ಕೌನ್ಸಿಲ್ಲಿನ ಸಭೆಗಳನ್ನು ಯಾರು ಬೇಕಾದರೂ ಇಂಟರ್‌ನೆಟ್ಟಿನಲ್ಲಿ ನೋಡಬಹುದು. ಅದನ್ನು ನೋಡುವ ಮೂರ್ಖರು ಯಾರಿದ್ದಾರೆ ಎಂದು ನಾವು ಕೌನ್ಸಿಲರುಗಳು ನಗುತ್ತಿದ್ದೆವು. ಶಿಕ್ಷಕಿ ಕೈಮುಗಿದು ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತರು. ಚಪ್ಪಾಳೆ ಬಿತ್ತು. ಇದಕ್ಕಿಂತ ಹೇಯವಾದದ್ದು ಮುಂದಿದೆ: ನಾನು ಮೈಕಿನ ಮುಂದೆ ಹೋಗಿ ಸೇವೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಅಷ್ಟನ್ನೂ ಕೂತು ಕೇಳಿದರು.

ಲೈಬ್ರರಿಯ ಜಾಗದಲ್ಲಿ ಈಗ ಫ್ಲಾಟುಗಳಿವೆ. ಕೂಟ ಚದುರಿಹೋಯಿತು. ನನ್ನನ್ನು ಮಾತ್ರ ಜನ ಮತ್ತೊಮ್ಮೆ ಗೆಲ್ಲಿಸಿದರು. ಆ ಚುನಾವಣೆಯಲ್ಲಿ ಕರಪತ್ರ ಹಂಚುವಾಗ ಶಿಕ್ಷಕಿಯ ಮನೆಯೊಂದನ್ನು ಬಿಟ್ಟು ಮುಂದೆ ಹೋದೆ. ಅವರು ಕಿಟಕಿಯ ಪಕ್ಕ ಕೂತು ನೋಡುತ್ತಿದ್ದರು.

ಆ ಅವಧಿ ಮುಗಿದು ಕೌನ್ಸಿಲ್ ಬಿಟ್ಟ ಮೇಲೆ ಒಂದು ಬುಧವಾರ ಅವರ ಮನೆಯ ಬೆಲ್ ಒತ್ತಿದೆ. ಖಾಲಿ ಕುರ್ಚಿ ಅವರಿಗೆ ಗೊತ್ತಿತ್ತು, ನಾನು ಹೇಳಿದ ನಿಯಮದ ಮಾತೂ ವಿಡಿಯೋದಲ್ಲಿತ್ತು; ಆ ಕುರ್ಚಿ ಖಾಲಿಯಾಗದಂತೆ ತಡೆಯುವ ದಾರಿ ನನ್ನ ಕೈಯಲ್ಲೇ ಇತ್ತು ಎಂಬುದು ಗೊತ್ತಿರಲಿಲ್ಲ. ಅಧಿಕಾರಿ ಹೇಳಿದ್ದು, ಆಮಂತ್ರಣದ ಕಾರ್ಡು, ಬರೆಯದ ಕಾಗದ, ಎಲ್ಲ ಹೇಳಿದೆ.

“ಒಂದ ಸಾಲೇನ್ರಿ?” ಎಂದರು.

“ಒಂದೇ ಸಾಲು.”

“ನಾ ಮೂವತ್ತು ವರ್ಷ ಅಕ್ಷರ ಕಲಿಸೀನ್ರಿ. ಒಂದು ಸಾಲು ಬರೀಲಾರದವ್ರನ್ನ ನಾವು ಮುಂದಿನ ಕ್ಲಾಸಿಗೆ ಕಳಸ್ತಿರಲಿಲ್ಲ. ನಿಮ್ಮನ್ನ ನೋಡ್ರಿ, ಜನ ನಾಕು ಸಲ ಪಾಸ್ ಮಾಡ್ಯಾರ.”

ನಾನು ಏಳಲು ಹೋದೆ. ಅವರು ಅಡುಗೆಮನೆಯತ್ತ ನಡೆಯುತ್ತ, ಇವತ್ತು ಬುಧವಾರ, ಚಹಾ ಕುಡಿದು ಹೋಗಿ ಎಂದರು. ಅವತ್ತು ಅವರು ಎರಡು ತಾಸು ಮಾತಾಡಿದರು. ಎಷ್ಟೋ ದಿನಗಳಿಂದ ಕಟ್ಟಿಕೊಂಡಿದ್ದ ಮಾತು.

ಈಗ ಪ್ರತಿ ಬುಧವಾರ ಹೋಗುತ್ತೇನೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಹೋದ ವಾರ, ಈ ಇಬ್ಬರ ಕೂಟಕ್ಕಾದರೂ ನೀವು ಅಧ್ಯಕ್ಷರಾಗಬೇಕು ಎಂದೆ, ನಗಿಸಬೇಕೆಂದು.

ಅವರು ನಗಲಿಲ್ಲ. “ಅಧ್ಯಕ್ಷರು ಬ್ಯಾಡ್ರಿ. ಕಪ್ಪು ತೊಳ್ಯಾವ್ರು ಬೇಕು,” ಎಂದರು.

ಎದ್ದು ಹೋಗಿ ತೊಳೆದೆ.