ಮಂಜಿನಲ್ಲಿ ಮುರಿಗೆಪ್ಪ ಹೊತ್ತು ತಂದವನು

ಯಶವಂತಪುರದ ನಮ್ಮ ವಠಾರದ ಮಾಲೀಕ ಪಿಳ್ಳಪ್ಪನಿಗೆ ಮುರಿಗೆಪ್ಪನ ಪದಕದ ಮೇಲೆ ಮುರಿಗೆಪ್ಪನಿಗಿಂತ ಹೆಚ್ಚು ಅಭಿಮಾನ. "ಬಾಂಗ್ಲಾ ಯುದ್ಧದಾಗೆ ಆಫೀಸರ್ನ ಎಗಲ್ ಮ್ಯಾಲೆ ಒತ್ಕಂಡ್ ಬಂದೋರು ಕಣ್ರೀ ಇವ್ರು" ಎಂದು ಮನೆ ಕೇಳಲು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಮುರಿಗೆಪ್ಪ ಇದ್ದದ್ದು ನಮ್ಮ ಪಕ್ಕದ ಮನೆಯಲ್ಲಿ. ಬಿಜಾಪುರದ ಕಡೆಯವನು, ಸೈನ್ಯ ಬಿಟ್ಟ ಮೇಲೆ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗಿದ್ದ. ಮಂಜು ಬಿದ್ದ ಬೆಳಿಗ್ಗೆ ಮಾತ್ರ ಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ಯುದ್ಧದಲ್ಲಿ ಅವನು ಅಂದು ಹುಡುಕಿಕೊಂಡು ಹೋಗಿದ್ದು ಆಫೀಸರನ್ನಲ್ಲ, ಜೊತೆಗೇ ಸೈನ್ಯದಲ್ಲಿದ್ದ ತನ್ನೂರಿನ ಗೆಳೆಯ ವೀರಬಸಪ್ಪನನ್ನು. ವೀರಬಸಪ್ಪ ಮರಳಲಿಲ್ಲ; ಹುಡುಕಿದರೂ ಸಿಗಲಿಲ್ಲವೆಂದು ಗೆಳೆಯನ ತಾಯಿ ಶಿವಲಿಂಗವ್ವನಿಗೂ ಹೇಳಿದ್ದ. ೧೯೭೮ರಲ್ಲಿ ಆಕೆ ಕಣ್ಣಿನ ಆಪರೇಷನ್ನಿಗೆಂದು ಬಂದು ಇವನ ಮನೆಯಲ್ಲೇ ಉಳಿದಳು. ಬಂದ ದಿನ ಪೂಜೆಗೆ ಕೂತು ಕೊರಳಿನಿಂದ ಎರಡು ಇಷ್ಟಲಿಂಗ ತೆಗೆದಳು.

"ಎರಡ್ಯಾಕವ್ವ?" ಎಂದ ಮುರಿಗೆಪ್ಪ.

"ಇದು ವೀರಬಸೂಂದು. ಯುದ್ಧದಾಗ ಕಳದು ಅಪಚಾರ ಆದೀತು ಅಂತ, ರಜಾಕ್ಕ ಬಂದಾಗ ನನ್ನ ಕೊಳ್ಳಾಗ ಹಾಕಿ ಹೋದ."

ಮುರಿಗೆಪ್ಪ ಹೊರಗೆ ಬಂದು ನಮ್ಮ ಜಗಲಿಯ ಮೇಲೆ ಕೂತು ನನಗೆ ಎಲ್ಲ ಹೇಳಿದ. ಲಿಂಗಾಯತನಾದವನು ಜೀವ ಹೋದರೂ ಲಿಂಗ ಬಿಚ್ಚುವುದಿಲ್ಲವೆಂದು ನಂಬಿದ್ದವನು. ಯುದ್ಧದ ಆ ಬೆಳಿಗ್ಗೆ ಗದ್ದೆಯ ತುಂಬ ಮಂಜು, ಹೊಗೆ. ಬಿದ್ದವರ ಮುಖಕ್ಕೆಲ್ಲ ಕೆಸರು. ಕೊರಳು ತಡವಿ ಗುರುತು ಹುಡುಕಿದ್ದ. ಮೊದಲು ಸಿಕ್ಕವನ ಕೊರಳು ಬರಿದಾಗಿತ್ತು, ಬಿಟ್ಟ. ಮುಂದಿನವನ ಕೊರಳಲ್ಲಿ ಲೋಹ ತಗುಲಿತು. ಲಿಂಗದ ಕರಡಿಗೆಯೆಂದು ಹೊತ್ತು ತಂದ. ಅದು ಆಫೀಸರನ ತಾಯಿತ. ತಾನೂ ಗುಂಡು ತಿಂದು ಆಸ್ಪತ್ರೆ ಸೇರಿದ್ದರಿಂದ ತಾನು ಬಿಟ್ಟು ಬಂದ ಆ ಬರಿಗೊರಳಿನವನು ವೀರಬಸಪ್ಪನೇ ಎಂದು ಈವರೆಗೆ ಹೊಳೆದಿರಲಿಲ್ಲ.

"ಹೇಳ್ಲೋ ಬ್ಯಾಡೋ?" ಎಂದು ನನ್ನನ್ನೇ ಕೇಳಿದ.

"ಸುಮ್ನಿರಿ. ಆ ಮುದುಕೀನ ಇನ್ನೂ ಯಾಕೆ ಅಳಿಸ್ತೀರಿ?" ಎಂದೆ. ಅವನ ಮೇಲೆ ನನಗೆ ಸಿಟ್ಟೂ ಬಂದಿತ್ತು, ಕನಿಕರವೂ.

ಅನ್ನ ಸೇರದೆ ಅವನು ಅರ್ಧವಾದ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ತಡೆಯಲಾರದೆ ಆಕೆಯ ಎದುರು ಕೂತು ಎಲ್ಲವನ್ನೂ ಹೇಳಿದ. ಮೊದಲು ಸಿಕ್ಕ ಆ ಬರಿಗೊರಳಿನವನಿಗೆ ಮಾತು ಹೊರಡುತ್ತಿರಲಿಲ್ಲ. ತಾನು ಬಿಟ್ಟು ಏಳುವಾಗ ಅವನು ತನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆ ಬೆರಳುಗಳನ್ನು ಬಿಡಿಸಿದ್ದು ತಾನೇ ಎಂಬುದನ್ನೂ ಮುಚ್ಚಿಡಲಿಲ್ಲ.

ಶಾಪ ಹಾಕುತ್ತಾಳೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಶಿವಲಿಂಗವ್ವ ಬಹಳ ಹೊತ್ತು ಅತ್ತಳು. ಆಮೇಲೆ ಅವನ ತಲೆ ಸವರಿ, ಸಮಾಧಾನ ಮಾಡುವ ದನಿಯಲ್ಲೇ ಹೇಳಿದಳು:

"ಹಂಗಾರ ಅವ ನಿನ್ನ ಗುರುತು ಹಿಡದಿದ್ದ ಬಿಡಪ್ಪ. ಕಡೀಕ ನಮ್ಮವರ ಮುಖಾ ನೋಡೇ ಹ್ವಾದ."