ಟಾಕಿ ಮಾತಾಡಲು ಕಲಿತದ್ದು

ಬನಹಟ್ಟಿಯ ನಮ್ಮ ಮನೆಯಲ್ಲಿ ಮುಂದೆ ಮಗ್ಗದ ಶೆಡ್ಡು, ಹಿಂದೆ ವಾಸ, ಮಾಳಿಗೆಯ ಮೇಲೆ ನೀರಿನ ಟಾಕಿ. ನಾನು ಸೊಸೆಯಾಗಿ ಬಂದಾಗಿನಿಂದ ಟಾಕಿಯ ಸುದ್ದಿ ಹೇಳುವವಳು ನಾನೇ. ಅಡುಗೆಮನೆಯಿಂದ ಅತ್ತೆ "ನೀರ ಎಷ್ಟೈತಿ ನೋಡವಾ" ಅಂದರೆ ಸಾಕು, ಸೆರಗು ಸಿಕ್ಕಿಸಿ ಏಣಿ ಹತ್ತುತ್ತಿದ್ದೆ.

ಮೈದುನನ ಹೆಂಡತಿ ಬಂದ ಮೇಲೆ ಆ ಕೆಲಸ ಹೋಯಿತು. ಮುಧೋಳದವಳು, ಕಂಪ್ಯೂಟರ್ ಓದಿದವಳು. ಟಾಕಿಯ ಮುಚ್ಚಳಕ್ಕೆ ಸೆನ್ಸರ್ ಕೂರಿಸಿದಳು. ಅದು ಮುಚ್ಚಳದಿಂದ ನೀರಿನವರೆಗಿನ ಅಂತರವನ್ನು ಬರೀ ಅಂಕಿಯಲ್ಲಿ ಕಳಿಸುತ್ತಿತ್ತು. ಆ ಅಂಕಿಯನ್ನು ಮಾತಾಗಿಸಲು, ಇಂಥ ಅಂಕಿಗೆ ಇಂಥ ಮಾತು ಎನ್ನುವ ನಾಲ್ಕು ಸಾಲಿನ ಟೆಂಪ್ಲೇಟ್ ಬರೆದಳು. ಅತ್ತೆಯ ಮೊಬೈಲಿನಲ್ಲಿ "ಟಾಕಿ ಅರ್ಧ ಐತಿ, ಮೋಟರ್ ಹಚ್ಚರಿ" ಎಂದು ಮೂಡತೊಡಗಿತು.

ಅತ್ತೆ ಅದನ್ನು ಓಣಿಗೆಲ್ಲ ತೋರಿಸಿದರು. "ನಮ್ಮ ಸಣ್ಣ ಸೊಸಿ ಭಾಳ ಶ್ಯಾಣೆಕಿ." ಇಷ್ಟು ವರ್ಷ ಏಣಿ ಹತ್ತಿದವಳನ್ನು ಯಾರೂ ಹಾಗೆ ತೋರಿಸಿರಲಿಲ್ಲ.

ಒಂದು ಮುಂಜಾನೆ ತೇರದಾಳದ ಬೀಗರು ಬಂದಾಗ ನಳದಲ್ಲಿ ನೀರೇ ಇಲ್ಲ. ಮೊಬೈಲು ಮಾತ್ರ "ಟಾಕಿ ತುಂಬೇತಿ" ಎನ್ನುತ್ತಿತ್ತು. ನಾನು ಹತ್ತಿ ನೋಡಿದರೆ ತಳ ಕಾಣುತ್ತಿದೆ. ಸೆನ್ಸರಿನ ವೈರು ಕಿತ್ತುಹೋಗಿದೆ. ಬೀಗರಿಗೂ ಕೇಳುವಂತೆ ಮೇಲಿನಿಂದಲೇ "ಖಾಲಿ ಐತ್ರೀ!" ಎಂದು ಕೂಗಿದೆ. ಆ ಮಾತನ್ನು ಅಷ್ಟು ಖುಷಿಯಿಂದ ನಾನೆಂದೂ ಕೂಗಿರಲಿಲ್ಲ.

ಸಂಜೆ ಅವಳು ಲ್ಯಾಪ್‌ಟಾಪ್ ಹಿಡಿದು ನನ್ನ ಬಳಿಗೇ ಬಂದಳು. "ಅಕ್ಕಾರ, ಅಂಕಿ ಬರದಿದ್ರ ಸೊನ್ನಿ ಅಂತ ಹಿಡಿ ಅಂತ ಬರೆದಿದ್ದೆ. ಅಂತರ ಸೊನ್ನಿ ಅಂದ್ರ ಟಾಕಿ ತುಂಬೇತಿ ಅಂತ ತಿಳಕೊಂಡೈತಿ. ಈಗ ಅಂಕಿ ಬರಲಿಲ್ಲಂದ್ರ ಏನ ಹೇಳಸೂಣು?"

"ಗೊತ್ತಿಲ್ಲ, ಮ್ಯಾಲ ಹತ್ತಿ ನೋಡ್ರಿ ಅಂತ ಹೇಳ್ಲಿ" ಎಂದೆ, ಬಿರುಸಾಗಿಯೇ.

ಅವಳು ನಕ್ಕು ಹಾಗೆಯೇ ಬರೆದಳು. ನೋಡುತ್ತ ನೋಡುತ್ತ, ಇದೇನು ಅಂಥ ದೊಡ್ಡ ವಿದ್ಯೆಯಲ್ಲ ಎನ್ನಿಸಿತು. "ಶೆಡ್ಡಿಂದು ನಾ ಬರೀತೀನಿ, ತಾ ಇಲ್ಲೆ" ಎಂದೆ. ಗಾಳಿ ಒಣಗಿದರೆ ಮಗ್ಗದ ಮೇಲಿನ ನೂಲು ಹರಿಯುತ್ತದೆ. ಅದಕ್ಕೆಂದೇ ಅವಳು ಶೆಡ್ಡಿನಲ್ಲೂ ಗಾಳಿಯ ತೇವ ಅಳೆಯುವ ಸೆನ್ಸರ್ ಕೂರಿಸಿದ್ದಳು. ತೇವದ ಅಂಕಿ ಇಳಿದಾಗ "ಗಾಳಿ ಒಣಗೇತಿ, ನೆಲಕ್ಕ ನೀರ ಹೊಡೀರಿ" ಎನ್ನುವ ಟೆಂಪ್ಲೇಟನ್ನು ಅವಳನ್ನು ಕೇಳಿ ಕೇಳಿ ಬರೆದು ಮುಗಿಸಿದೆ. ಅಂಕಿ ಬರದಿದ್ದರೆ ಏನನ್ನಬೇಕೆಂಬುದನ್ನು ಮಾತ್ರ ಕೇಳದೆಯೇ ಬರೆದೆ.

ಮರುದಿನ ಮಧ್ಯಾಹ್ನ ಅತ್ತೆಯ ಮೊಬೈಲಿನಲ್ಲಿ "ಗಾಳಿ ಒಣಗೇತಿ" ಎಂಬ ಸಾಲು ಮೂಡಿತು. ಮಾವ ಶೆಡ್ಡಿನ ನೆಲಕ್ಕೆ ನೀರು ಹೊಡೆದರು. ಅತ್ತೆ ಹಿಗ್ಗಿದರು. "ಸಣ್ಣಾಕಿ ಏನ ಛಲೋ ಮಾಡ್ಯಾಳ!"

"ಅದು ನಾ ಬರೆದದ್ದರೀ."

"ಹೌದೇನ?" ಅತ್ತೆ ನನ್ನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದರು. "ನಿನಗೂ ಬರೂ ಹಂಗ ಕಲಿಸ್ಯಾಳಂದ್ರ, ಆಕಿ ಖರೇನ ಶ್ಯಾಣೆಕಿ ಬಿಡವಾ."

ಅವತ್ತು ನನಗೆ ಊಟ ಸೇರಲಿಲ್ಲ.