ಲಾರಿಯ ಕೆಳಗೆ ಕಂಡ ಕಾಲು

ದೊಡ್ಡ ಊರುಗಳಲ್ಲಿ ಹಾಕಿ ತಂಡಕ್ಕೆ ಆಟಗಾರರನ್ನು ಹರಾಜಿನಲ್ಲಿ ತರುತ್ತಾರಂತೆ. ನಮ್ಮ ನಾರಾಯಣಪುರದ ಡ್ಯಾಮ್ ಕಾಲೊನಿಗೆ ಅವರು ವರ್ಗಾವಣೆಯಲ್ಲಿ ಬರುತ್ತಾರೆ, ವರ್ಗಾವಣೆಯಲ್ಲೇ ಹೋಗುತ್ತಾರೆ. ಎಡಗಡೆ ಚೆನ್ನಾಗಿ ಆಡುತ್ತಿದ್ದ ಗೇಟ್ ಆಪರೇಟರನಿಗೆ ಬಡ್ತಿ ಸಿಕ್ಕಾಗ ಅವನ ಮನೆಯಲ್ಲಿ ಪೇಢೆ ಹಂಚಿದರು, ನಮ್ಮ ಕಟ್ಟೆಯ ಮೇಲೆ ಸೂತಕ. ಹೊಸಬರ ಸಾಮಾನಿನ ಲಾರಿ ಬಂದರೆ ಬೇರೆ ಕಡೆಯ ಜನ ಟಿವಿ, ಫ್ರಿಜ್ಜು ನೋಡುತ್ತಾರೆ. ನಾವು ಇಳಿದವನ ಕಾಲು ನೋಡುತ್ತೇವೆ.

ಕಟ್ಟೆ ಎಂದರೆ ನೀಲಕಂಠ ಸಾವಕಾರರ ಕಿರಾಣಿ ಅಂಗಡಿಯ ಮುಂದಿನ ಬೇವಿನ ಕಟ್ಟೆ. ಪಕ್ಕದಲ್ಲೇ ಮೈದಾನ. ಅಲ್ಲಿ ಕೂತು ನಾವೊಂದಿಷ್ಟು ಜನ, ಜೀವಮಾನದಲ್ಲಿ ಒಂದೂ ಗೋಲು ಹೊಡೆಯದವರು, ತಂಡವನ್ನು ಕಟ್ಟುತ್ತೇವೆ, ಕೆಡವುತ್ತೇವೆ. ನಮ್ಮ ನಡುವೆ ಕೂರುವ ಒಬ್ಬಳೇ ಹೆಂಗಸು ಅಯ್ಯಮ್ಮ.

ಅಯ್ಯಮ್ಮ ಹೊಳೆದಂಡೆಯವಳು. ಗಂಡ ಬಲೆ ಹಾಕುತ್ತಾನೆ, ಇವಳು ಕಾಲೊನಿಯ ಮನೆಮನೆಗೆ ಮೀನು ಮಾರುತ್ತಾಳೆ. ಸಾವಕಾರರು ಮೀನಿನ ವಾಸನೆ ಬಂದರೆ ಮೂಗಿಗೆ ಟವೆಲ್ ಹಿಡಿಯುವ ಶರಣರು. ಹೀಗಾಗಿ ಬುಟ್ಟಿಗೆ ಕಟ್ಟೆಯ ಹತ್ತಿರ ಪ್ರವೇಶವಿಲ್ಲ. ಅದು ರಸ್ತೆಯಾಚೆ ನಲ್ಲಿಯ ಬಳಿ ಇರಬೇಕು. ಅಯ್ಯಮ್ಮ ಅಲ್ಲೇ ಕೈಕಾಲು ತೊಳೆದುಕೊಂಡು ಬಂದು ಕಟ್ಟೆಯ ತುದಿಗೆ ಕೂರುತ್ತಾಳೆ. ಒಂದು ಕಾಲಕ್ಕೆ ರಸ್ತೆಯಾಚೆಯಿಂದಲೇ ಆಟ ನೋಡುತ್ತ ಕೂಗುತ್ತಿದ್ದಳು. ಅವಳು ಕೂಗಿದ್ದೆಲ್ಲ ನಿಜವಾಗತೊಡಗಿದಾಗ ಸಾವಕಾರರೇ ಬೇಸತ್ತು, “ಅಲ್ಲಿಂದ ಯಾಕ ಒದರ್ತಿ, ಇಲ್ಲೇ ಬಂದು ಹೇಳು” ಎಂದಿದ್ದರು.

ಆ ಜಾಗ ಅವಳಿಗೆ ಎಷ್ಟು ದೊಡ್ಡದೆಂದು ನಮಗೆ ಆಗ ತಿಳಿದಿರಲಿಲ್ಲ. ಮನೆಯಲ್ಲಿ ಗಂಡ, ಸಂತೆಯಲ್ಲಿ ಗಿರಾಕಿ, ಯಾರೂ ಅವಳ ಅಭಿಪ್ರಾಯ ಕೇಳುವವರಲ್ಲ. ಮೀನು ತಾಜಾ ಇದೆಯೇ ಎಂದು ಕೇಳುತ್ತಾರೆ, ಅವಳು ಹೇಳಿದ್ದನ್ನು ನಂಬದೆ ಕಿವಿರು ಎತ್ತಿ ನೋಡುತ್ತಾರೆ. ಕಟ್ಟೆಯ ಮೇಲೆ ಮಾತ್ರ, “ಅಯ್ಯಮ್ಮ, ನೀ ಏನಂತಿ?” ಎಂಬ ಪ್ರಶ್ನೆ ಅವಳಿಗೆ ಬರುತ್ತಿತ್ತು.

ಈ ವರ್ಷ ಮಳೆಗಾಲದ ವರ್ಗಾವಣೆಯಲ್ಲಿ ನಮ್ಮ ಗೋಲ್‌ಕೀಪರ್ ಸಂಗಮನಾಥ ವಡಗೇರಾ ಕಡೆಗೆ ಹೋದ. ಚಳಿಗಾಲದಲ್ಲಿ ಶಹಾಪುರದ ಕಾಲೊನಿಯವರ ಜೊತೆ ವರ್ಷದ ಪಂದ್ಯ. ಗೋಲಿಗೆ ಯಾರು? ಕಟ್ಟೆ ಹೊತ್ತಿ ಉರಿಯಿತು.

“ಪಂಪ್‌ಹೌಸಿನ ಪಂಪಣ್ಣನ್ನ ನಿಲ್ಲಸ್ರಿ,” ಎಂದರು ಸಾವಕಾರರು. “ಅಂವ ಆಡೂದೇ ಬ್ಯಾಡ. ನಿಂತ್ರ ಸಾಕು, ಬಾಗಲಕ್ಕ ಅಲಮಾರಿ ಇಟ್ಟಂಗ ಆಕ್ಕೇತಿ.”

“ಅಲಮಾರಿ ಬಗ್ಗತೈತೇನ್ರಿ ಸಾವ್ಕಾರ?” ಎಂದ ಸುಲ್ತಾನಸಾಬ. ಅವನು ಕಾಲೊನಿಯ ವೈರ್‌ಮನ್, ತಂಡದ ಕ್ಯಾಪ್ಟನ್. “ಬಾಲು ನೆಲದ ಮ್ಯಾಲೆ ಬರ್ತದ.”

ಅಷ್ಟರಲ್ಲಿ ಹೊಸ ಗುಮಾಸ್ತನ ಲಾರಿ ಬಂತು. ಅಯ್ಯಮ್ಮ ಲಾರಿಯ ಈಚೆ ಬುಟ್ಟಿ ಇಳಿಸಲು ಬಗ್ಗಿದ್ದಳು. ಲಾರಿಯ ಆಚೆ ಹಿತ್ತಾಳೆ ಕೊಡವೊಂದು ದಡ್ಡನೆ ಬಿದ್ದು ಇಳಿಜಾರಿನಲ್ಲಿ ಉರುಳಿತು. ಗಾಲಿಗಳ ನಡುವೆ ಅವಳಿಗೆ ಬೂಟು ಹಾಕಿದ ಒಂದು ಕಾಲು ಮಾತ್ರ ಕಂಡಿತು. ಆ ಕಾಲು ಓಡಲಿಲ್ಲ, ಗಾಬರಿಯಾಗಲಿಲ್ಲ. ಹಿಮ್ಮಡಿ ನೆಲಕ್ಕೂರಿ, ಬೆರಳ ತುದಿ ಎತ್ತಿ, ಪಾದವನ್ನು ಹೊರಕ್ಕೆ ತಿರುಗಿಸಿ ಕೊಡವನ್ನು ಅಲ್ಲೇ ನಿಲ್ಲಿಸಿತು. ಅಯ್ಯಮ್ಮ ಸುತ್ತಿಕೊಂಡು ಆಚೆ ಹೋಗಿ ನೋಡಿದರೆ, ಕೊಡ ಹಿಡಿದು ನಿಂತಿದ್ದವನು ಆ ಹೊಸ ಗುಮಾಸ್ತ ಶರಣಕುಮಾರ. ಬಡಕಲು ಮೈ, ದಪ್ಪ ಕನ್ನಡಕ, ಎತ್ತಿದರೆ ಕೊಡವೇ ಭಾರ ಅನ್ನುವಂಥ ಕೈ. ಅವನ ಹೆಂಡತಿ ರಾಧಿಕಾ ಆಗಲೇ ಮನೆಯೊಳಗೆ ಹೋಗಿದ್ದಳು.

“ಗೋಲ್‌ಕೀಪರ್ ಸಿಕ್ಕಾನ!” ಎಂದು ಅಯ್ಯಮ್ಮ ಕೈ ತೊಳೆಯುವುದನ್ನೂ ಮರೆತು ಕಟ್ಟೆಗೆ ಓಡಿ ಬಂದಳು.

ಸಾವಕಾರರು ಟವೆಲ್ ತೆಗೆದುಕೊಂಡು ಮೂಗಿಗೆ ಹಿಡಿದು, ಅದರೊಳಗಿಂದಲೇ ನಕ್ಕರು. “ಅಂವಾ? ಗಾಳಿ ಬಿಟ್ರ ಹಾರಿ ಹೋಗ್ತಾನ. ಕೂಸು ಹುಟ್ಟೂಕ್ಕಿಂತ ಮೊದಲ ಕುಲಾಯಿ ಹೊಲಿಬ್ಯಾಡ ಅಯ್ಯಮ್ಮ.”

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗುವಂತೆಯೇ ಇತ್ತು. ಅಯ್ಯಮ್ಮನಿಗೆ ಸಿಟ್ಟು ನೆತ್ತಿಗೇರಿತು.

“ಕೇಳ್ರಿ ಸಾವ್ಕಾರ. ಇವತ್ತು ನಾ ನೋಡಿದ ಕಾಲು ಗೋಲಿನ್ಯಾಗ ಸೋತ್ರ, ಈ ಕಟ್ಟಿ ಮ್ಯಾಲೆ ಕೂಡಂಗಿಲ್ಲ, ಹಾಕಿ ಮಾತು ಎತ್ತಂಗಿಲ್ಲ. ನೀವ ನಿಮ್ಮ ಬಾಯಿಲೆ ಕೂಡು ಅನ್ನೂತನಕ.”

“ನಾ ಅನ್ನಂಗಿಲ್ಲ ತಗೊ,” ಎಂದರು ಸಾವಕಾರರು.

ಶರಣಕುಮಾರನನ್ನು ಕೇಳಲು ಹೋದೆವು. ಆಡಿದ್ದೀರಾ ಎಂದರೆ, “ನಮ್ಮ ಮನ್ಯಾಗ ಹಾಕಿ ಅಂದ್ರ ಭಾಳ ಜೀವರಿ” ಎಂದ. ಇದು ಸುಳ್ಳೇನಲ್ಲ ಎಂದು ಆಮೇಲೆ ಗೊತ್ತಾಯಿತು. ಪಾಪ, ಹಿಂದೆ ಯಾರೂ ಅವನನ್ನು ಯಾವುದಕ್ಕೂ ಕೂಗಿ ಕರೆದಿರಲಿಲ್ಲ. ಚಹಾ ಕೊಡಿಸಿದೆವು, ಪ್ಯಾಡ್ ಕಟ್ಟಿದೆವು. ಅಭ್ಯಾಸದಲ್ಲಿ ಬಾಲು ಅವನನ್ನು ದಾಟಿ ಹೋದಾಗಲೆಲ್ಲ ನೆಲ ಸಮ ಇಲ್ಲವೆಂದ, ಬಿಸಿಲು ಕಣ್ಣಿಗೆ ಹೊಡೆಯಿತೆಂದ. ಕುಣಿಯಲಾರದವಳಿಗೆ ನೆಲ ಡೊಂಕು. ಅಯ್ಯಮ್ಮ ಮಾತ್ರ, “ಕಾಲು ಇನ್ನಾ ಬಿಚ್ಚಿಲ್ಲ, ತಡೀರಿ” ಎನ್ನುತ್ತಿದ್ದಳು. ಅನ್ನುವಾಗ ಅವಳ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದ್ದುದನ್ನು ನಾನು ಗಮನಿಸಿದ್ದೆ.

ಪಂದ್ಯದ ದಿನ ಶಹಾಪುರದವರು ಅರ್ಧ ಆಟದೊಳಗೆ ನಾಲ್ಕು ಗೋಲು ಹೊಡೆದರು. ಶರಣಕುಮಾರ ಪ್ರತಿ ಸಲವೂ ಬಾಲು ಹೋದ ಮೇಲೆ ಸರಿಯಾದ ದಿಕ್ಕಿಗೆ ಬೀಳುತ್ತಿದ್ದ. ನಾಲ್ಕನೆಯದು ಹೋದಾಗ ಅಯ್ಯಮ್ಮ ಯಾರ ಮುಖವನ್ನೂ ನೋಡದೆ ಕಟ್ಟೆಯಿಂದ ಇಳಿದಳು. ಅವಳ ಕಣ್ಣು ತುಂಬಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮಗೆ ಕಾಣಬಾರದೆಂದು ಅವಳು ಗೋಲಿನ ಹಿಂದಕ್ಕೆ ಹೋಗಿ ನಿಂತಳು.

ಅಲ್ಲಿ ರಾಧಿಕಾ ನಿಂತಿದ್ದಳು. ಗೋಲಿನ ಬಲೆ ಹರಿದು ವರ್ಷಗಳೇ ಆಗಿವೆ, ಒಳಗೆ ಹೋದ ಬಾಲು ನೇರ ಕಾಲುವೆಯ ಕಡೆಗೆ ಓಡುತ್ತದೆ. ಗಂಡ ಬಿಟ್ಟ ಬಾಲುಗಳನ್ನೆಲ್ಲ ತಡೆದು ವಾಪಸ್ ಕೊಡುತ್ತಿದ್ದವಳು ಅವಳೇ. ಅಯ್ಯಮ್ಮ ನೋಡುತ್ತಿರುವಾಗಲೇ ಗುರಿತಪ್ಪಿದ ಇನ್ನೊಂದು ಬಾಲು ಕಂಬದ ಪಕ್ಕದಿಂದ ಗುಂಡಿನಂತೆ ಬಂತು. ಒಂದು ಕೈಯಲ್ಲಿ ಗಂಡನ ಕನ್ನಡಕದ ಡಬ್ಬಿ, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದಿದ್ದ ರಾಧಿಕಾ ಬೂಟುಗಾಲಿನ ಹಿಮ್ಮಡಿ ಊರಿ, ಬೆರಳ ತುದಿ ಎತ್ತಿ, ಪಾದವನ್ನು ಹೊರಕ್ಕೆ ತಿರುಗಿಸಿದಳು. ಬಾಲು ಅಲ್ಲೇ ನಿಂತಿತು.

“ಯವ್ವಾ,” ಎಂದಳು ಅಯ್ಯಮ್ಮ. “ಕೊಡ ನಿಲ್ಲಿಸಿದಾಕಿ ನೀನೇನ?”

“ಹೂಂ ಅಕ್ಕ. ಶಾಲಿಯಾಗ, ಕಾಲೇಜಿನ್ಯಾಗ ಗೋಲಿಗೆ ನಾನ ನಿಲ್ತಿದ್ದೆ.”

“ಮತ್ತ ಹೇಳಬಾರದೇನ?”

“ಯಾರು ಕೇಳ್ಯಾರ?” ಎಂದಳು ರಾಧಿಕಾ.

ವಿರಾಮದ ಸೀಟಿ ಊದಿದರು. ಅಯ್ಯಮ್ಮ ರಾಧಿಕಾಳ ಕೈ ಹಿಡಿದು ಮೈದಾನದ ನಡುವಿಗೆ ಎಳೆದುಕೊಂಡು ಬಂದಳು. “ಸುಲ್ತಾನಸಾಬ, ಆ ಪ್ಯಾಡ್ ಬಿಚ್ಚಿ ಈ ಹುಡಿಗಿಗೆ ಕಟ್ಟು!”

ಕಟ್ಟೆಯ ಮೇಲಿಂದ ಸಾವಕಾರರು ಕೂಗಿದರು, “ಅಯ್ಯಮ್ಮ! ಬಾಯಿ ತಗಿಯಂಗಿಲ್ಲ ಅಂದಿದ್ದಿ!”

“ಕಟ್ಟಿ ಮ್ಯಾಲೆ ಅಂದಿದ್ದೆ ಸಾವ್ಕಾರ. ಇದು ಗ್ರೌಂಡು!”

ಕಾಲೊನಿಯಲ್ಲಿ ಮನೆ ಇದ್ದವರು ಆಡಬಹುದು ಎಂಬುದಷ್ಟೇ ನಿಯಮ. ಗಂಡಸರೇ ಇರಬೇಕೆಂದು ಯಾರಿಗೂ ಹೊಳೆದೇ ಇರಲಿಲ್ಲ. ಶಹಾಪುರದ ಕ್ಯಾಪ್ಟನ್, “ಆಡ್ಲಿ ಬಿಡ್ರಿ, ಪಾಪ” ಎಂದು ಉದಾರವಾಗಿ ನಕ್ಕ. ಅದೇ ಅವನ ಕೊನೆಯ ನಗು. ಎರಡನೆಯ ಅರ್ಧದಲ್ಲಿ ಅವರು ಎಲ್ಲಿಂದ ಹೊಡೆದರೂ ಬಾಲು ರಾಧಿಕಾಳ ಕಾಲಿಗೆ ಬಂದು ಸುಮ್ಮನೆ ಮಲಗಿತು. ನಮ್ಮ ತಪ್ಪಿಗೆ ದಂಡವಾಗಿ ಅವರಿಗೆ ಸಿಕ್ಕ ಶಾರ್ಟ್ ಕಾರ್ನರ್‌ಗಳೂ ಹಾಗೇ ಆದವು. ನಾವು ಎರಡು ಗೋಲು ಹೊಡೆದೆವು. ನಾಲ್ಕು-ಎರಡರಿಂದ ಸೋತು, ಗೆದ್ದವರಂತೆ ಪೇಢೆ ತಿಂದೆವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಶರಣಕುಮಾರ. ಅವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಆದರೆ ಮರುದಿನ ಅಯ್ಯಮ್ಮ ಕಟ್ಟೆಗೆ ಬರಲಿಲ್ಲ. ಬುಟ್ಟಿಯ ಪಕ್ಕ ನಲ್ಲಿಯ ಬಳಿಯೇ ನಿಂತಳು. ನೋಡಿದ ಕಾಲು ಸೋತಿಲ್ಲವಲ್ಲ, ಬಾ ಎಂದರೆ, “ನಾ ಕೈ ಮಾಡಿ ತೋರಿಸಿದಾಂವ ಸೋತಾನಲ್ಲ” ಎಂದಳು. ಸಾವಕಾರರೋ, ಆಕೆ ಬೇಕಾದರೆ ಬರಲಿ, ತಾವೇಕೆ ಕರೆಯಬೇಕು ಎಂದರು. ಇಬ್ಬರಿಗೂ ಬುದ್ಧಿ ಇರಲಿಲ್ಲ. ಅವಳಿಲ್ಲದ ಕಟ್ಟೆ ಉಪ್ಪಿಲ್ಲದ ಸಾರು. ಸಾವಕಾರರು ಪಂಪಣ್ಣನನ್ನು ಫಾರ್ವರ್ಡ್ ಆಡಿಸೋಣ ಎಂದರೂ ತಿರುಗಿ ಬಯ್ಯುವವರಿಲ್ಲ. ಅವರೇ ಮಾತು ನಿಲ್ಲಿಸಿ ರಸ್ತೆಯಾಚೆ ನೋಡುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಶಹಾಪುರದ ಕ್ಯಾಪ್ಟನ್ ಕಟ್ಟೆಗೆ ಬಂದು ಕೂತ. ಅವರ ಗುಮಾಸ್ತನೊಬ್ಬನಿಗೆ ನಾರಾಯಣಪುರ ಬೇಕಂತೆ, ಶರಣಕುಮಾರ ಒಪ್ಪಿದರೆ ಇಬ್ಬರೂ ಜಾಗ ಅದಲುಬದಲು ಮಾಡಿಕೊಳ್ಳಬಹುದಂತೆ. ಶರಣಕುಮಾರನ ಎದೆ ಉಬ್ಬಿತು.

“ನನ್ನ ಕೆಲಸದ ಸುದ್ದಿ ಶಹಾಪುರ ತನಕ ಬಂದಾದೇನ್ರಿ?”

“ಬಂದಾದ್ರಿ,” ಎಂದ ಕ್ಯಾಪ್ಟನ್. “ಮನಿಯವ್ರೂ ಜೊತಿಗೇ ಬರ್ತಾರಲ್ರಿ?”

ಉಬ್ಬಿದ್ದು ಇಳಿಯಿತು. ಅಂಗಡಿಯಲ್ಲಿ ಸಾಸಿವೆ ಕಟ್ಟಿಸಿಕೊಳ್ಳುತ್ತಿದ್ದ ರಾಧಿಕಾಳ ಕಡೆಗೆ ಎಲ್ಲರೂ ತಿರುಗಿದೆವು.

“ಅಯ್ಯಮ್ಮಕ್ಕನ್ನ ಕೇಳ್ರಿ,” ಎಂದಳು ಅವಳು. “ನನ್ನ ಆರಿಸಿದಾಕಿ ಆಕಿ.”

ಎಲ್ಲರ ಮುಖ ನಲ್ಲಿಯ ಕಡೆಗೆ ಹೊರಳಿತು. ಅಯ್ಯಮ್ಮ ತುಟಿ ಬಿಗಿಹಿಡಿದು ಸಾವಕಾರರನ್ನೇ ನೋಡಿದಳು. ಕ್ಯಾಪ್ಟನ್ ಕಾಯುತ್ತಿದ್ದ, ನಮ್ಮ ಗೋಲ್‌ಕೀಪರ್ ಕೈಬಿಟ್ಟು ಹೋಗುವ ಹೊತ್ತು ಬಂದಿತ್ತು. ಸಾವಕಾರರು ಕೆಮ್ಮಿದರು, ಸರಿದು ಕಟ್ಟೆಯ ನಡುವೆ ಜಾಗ ಮಾಡಿದರು, ಹೆಗಲ ಟವೆಲಿನಿಂದ ಅದನ್ನು ಒರೆಸಿದರು.

“ಬಾರವ್ವ ಅಯ್ಯಮ್ಮ. ಕೂಡು.”

ಅಯ್ಯಮ್ಮ ಬುಟ್ಟಿಯ ಕಡೆ ನೋಡಿದಳು. ಸುತ್ತ ನಾಯಿ ಸುಳಿಯುತ್ತಿತ್ತು.

“ಅದನ್ನೂ ತಗೊಂಡ ಬಾ,” ಎಂದರು ಸಾವಕಾರರು.

ಅವಳು ಬುಟ್ಟಿ ಎತ್ತಿಕೊಂಡು ರಸ್ತೆ ದಾಟಿದಳು. ಅದನ್ನು ಸಾವಕಾರರ ಕಾಲ ಬಳಿಯೇ ಇಳಿಸಿ, ಕಟ್ಟೆಯ ನಡುವೆ ಕಾಲು ಮಡಚಿ ಕೂತಳು. ಸಾವಕಾರರ ಕೈ ಟವೆಲಿನ ಕಡೆ ಹೋಗಿ ಅಲ್ಲೇ ನಿಂತಿತು.

“ಹುಡಿಗಿನ್ನ ಕೊಡಂಗಿಲ್ಲ,” ಎಂದಳು ಅಯ್ಯಮ್ಮ ಕ್ಯಾಪ್ಟನ್ನಿಗೆ. “ಬೇಕಾದ್ರ ಮೀನು ಒಯ್ರಿ.”